ಅಪ್ಪನನ್ನು ಕೊನೆಯವರೆಗೂ ಮನೆಯಲ್ಲೇ ನೋಡಿಕೊಂಡೆವು

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಪ್ಪನ ಲಿವರ್‌ಗೂ ಹರಡಿತ್ತು. ಇನ್ನು ಕೀಮೋ ಕೊಟ್ಟರೆ ಸಂಕಟವೇ ಜಾಸ್ತಿ ಎಂದು ಡಾಕ್ಟರು ಬಿಡಿಸಿ ಹೇಳಿದರು. ಎಲ್ಲಿರಬೇಕು ಅನ್ನಿಸುತ್ತದೆ ಎಂದು ಅಪ್ಪನನ್ನೇ ಕೇಳಿದೆವು. "ಮನೆಗೆ ಹೋಗೋಣ" ಎಂದರು. ರೋಗಿಗೆ ಏನೂ ಗೊತ್ತಾಗಬಾರದು ಎಂದು ಮುಚ್ಚಿಡುವ ಮನೆಗಳು ತುಂಬಾ ಇವೆ. ಆದರೆ ತಮ್ಮ ಮೈಯೊಳಗೆ ಏನಾಗುತ್ತಿದೆ ಎಂಬುದು ಅವರಿಗೆ ತಿಳಿಯದೇ ಇರುತ್ತದಾ? ಮುಚ್ಚಿಟ್ಟರೆ ಆ ಹೆದರಿಕೆಯನ್ನು ಅವರು ಒಬ್ಬರೇ ಹೊತ್ತುಕೊಂಡು ಮಲಗಬೇಕಾಗುತ್ತದೆ.

ಮನೆಗೆ ಹೊರಡುವ ಮೊದಲು ಪ್ಯಾಲಿಯೇಟಿವ್ ಕೇರ್, ಅಂದರೆ ರೋಗಿಯ ನೋವು, ಸಂಕಟ ತಗ್ಗಿಸುವ ಆರೈಕೆ ಮಾಡುವ ನರ್ಸ್ ಹತ್ತಿರ ಕೂತು ಒಂದೊಂದನ್ನೂ ಕೇಳಿಕೊಂಡೆ. ನೋವು ಜಾಸ್ತಿಯಾದರೆ ಏನು ಮಾಡಲಿ? ಮಾತ್ರೆ ನುಂಗಲು ಆಗದಿದ್ದರೆ? ನಡುರಾತ್ರಿ ಯಾರಿಗೆ ಫೋನ್ ಮಾಡಲಿ? ಕೊನೆ ಹತ್ತಿರ ಬಂದಾಗ ಹೇಗಿರುತ್ತದೆ? ಕೊನೇ ಪ್ರಶ್ನೆಗೆ ಬಾಯಿ ಬರುವುದು ಕಷ್ಟ. ಆದರೂ ಕೇಳಲೇಬೇಕು. ಆಮೇಲೆ ನಮ್ಮ ಕೈಹಿಡಿದದ್ದು ಅದರ ಉತ್ತರವೇ.

ಜೋರು ನೋವಿಗೆ ಕೊಡುವ ಔಷಧಿ ಮಾರ್ಫಿನ್. ಅದರ ಹೆಸರು ಕೇಳಿದ ಕೂಡಲೇ ಅಮ್ಮ ಬೆಚ್ಚಿಬಿದ್ದಳು. "ಅದು ಕೊಟ್ರೆ ಬೇಗ ಹೋಗಿಬಿಡ್ತಾರಂತೆ, ಅಲ್ವಾ?" ಅವಳಿಗೆ ಹೇಳಬೇಕಾದ ಮಾತನ್ನು ನರ್ಸ್ ನಿಧಾನವಾಗಿ ಹೇಳಿದರು. ಡಾಕ್ಟರು ಹೇಳಿದಷ್ಟೇ, ಸಣ್ಣ ಪ್ರಮಾಣದಿಂದ ಶುರು ಮಾಡಿ, ನೋವಿಗೆ ತಕ್ಕಂತೆ ಏರಿಸುತ್ತಾ ಹೋದರೆ ಅದು ಸಾವನ್ನು ಹತ್ತಿರ ತರುವುದಿಲ್ಲ. ಕ್ಯಾನ್ಸರ್ ನೋವಿಗೆ ಗಡಿಯಾರ ನೋಡಿ ಔಷಧಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಅಂದರೆ ನೋವು ಬರಲಿ ಆಮೇಲೆ ಕೊಡೋಣ ಎಂದು ಕಾಯುವ ಹಾಗಿಲ್ಲ. ಮಾಮೂಲಿ ಮಾರ್ಫಿನ್ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಅದಕ್ಕೇ ಅಷ್ಟಷ್ಟು ಹೊತ್ತಿಗೆ ಕೊಟ್ಟು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ನಡುವೆ ನೋವು ಎದ್ದರೆ ಕೊಡಬೇಕಾದ ಹೆಚ್ಚುವರಿ ಡೋಸ್ ಎಷ್ಟು ಎಂಬುದನ್ನು ಡಾಕ್ಟರಿಂದ ಮೊದಲೇ ಬರೆಸಿಕೊಂಡಿದ್ದೆ. ಮಾರ್ಫಿನ್ ಜೊತೆಗೆ ಮಲಬದ್ಧತೆಯ ಔಷಧಿಯೂ ದಿನಾ ಬೇಕು. ಅದನ್ನು ಬಿಟ್ಟರೆ ಹೊಟ್ಟೆ ಕಟ್ಟಿಕೊಂಡು ಇನ್ನೊಂದು ನೋವು ಶುರುವಾಗುತ್ತದೆ.

ನೋವು ಹಿಡಿತಕ್ಕೆ ಬಂದ ಮೇಲೆ ಅಪ್ಪ ಮತ್ತೆ ಅಪ್ಪನ ಹಾಗೆ ಮಾತಾಡಿದರು. ಬ್ಯಾಂಕಿನ ಕಾಗದ ಎಲ್ಲಿದೆ, ಅಮ್ಮನ ಕಣ್ಣಿನ ಆಪರೇಷನ್ ಮುಂದೂಡಬೇಡಿ, ತಂಗಿಯ ಜೊತೆ ಜಗಳ ಬೇಡ. ಇಷ್ಟು ಹೇಳಲಿಕ್ಕೆ ಅವರಿಗೆ ಬಿಡುವು ಸಿಕ್ಕಿತಲ್ಲ, ಅದು ಆ ಮಾತ್ರೆಯಿಂದ.

ಜಾಸ್ತಿ ಗಲಾಟೆಯಾಗಿದ್ದು ಊಟದ ವಿಷಯಕ್ಕೆ. ಅಪ್ಪ ತಿನ್ನುವುದು ಬಿಟ್ಟಾಗ ಮನೆಯವರೆಲ್ಲ ಕಂಗಾಲಾದರು. ಉಪವಾಸ ಕೆಡವಿ ಸಾಯಿಸುತ್ತಿದ್ದೀರಾ ಎಂದು ನೆಂಟರೊಬ್ಬರು ಮುಖಕ್ಕೇ ಕೇಳಿದರು. ಡ್ರಿಪ್ ಹಾಕಿಸೋಣ ಎಂದು ನನ್ನ ತಮ್ಮ ಹಟ ಹಿಡಿದ. ಅವನ ಸಂಕಟ ನನಗೆ ಅರ್ಥವಾಗುತ್ತಿತ್ತು, ಏನಾದರೂ ಮಾಡುತ್ತಿದ್ದೇವೆ ಅನ್ನಿಸಬೇಕು ಅವನಿಗೆ. ಆದರೆ ಆ ಹಂತದಲ್ಲಿ ಮೈಗೆ ಊಟ ಬೇಕಾಗಿರುವುದಿಲ್ಲ. ಬಲವಂತವಾಗಿ ತಿನ್ನಿಸಿದರೆ ವಾಂತಿ ಆಗಬಹುದು, ಉಸಿರಿನ ದಾರಿಗೂ ಹೋಗಬಹುದು. ಡ್ರಿಪ್ಪಿನ ನೀರನ್ನು ಹೊರಹಾಕಲು ಮೈಗೆ ಶಕ್ತಿ ಇಲ್ಲದಿದ್ದರೆ ಕೈಕಾಲು ಊದುತ್ತದೆ, ಎದೆಯಲ್ಲಿ ನೀರು ತುಂಬಬಹುದು. ಡಾಕ್ಟರು ಫೋನಿನಲ್ಲಿ ತಮ್ಮನಿಗೇ ಇದನ್ನು ವಿವರಿಸಿದರು. ಅವನಿಗೆ ಒಂದು ಕೆಲಸವನ್ನೂ ಕೊಟ್ಟರು: ಒದ್ದೆ ಸ್ಪಂಜಿನಿಂದ ಆಗಾಗ ಅಪ್ಪನ ಬಾಯಿ, ನಾಲಿಗೆ ಒರೆಸುವುದು, ತುಟಿ ಒಣಗದಂತೆ ನೋಡಿಕೊಳ್ಳುವುದು. ಬಾಯಿ ಒಣಗುವುದೇ ರೋಗಿಗೆ ದೊಡ್ಡ ಹಿಂಸೆ. ತಮ್ಮ ಅದನ್ನು ಎಷ್ಟು ಪ್ರೀತಿಯಿಂದ ಮಾಡಿದ ಅಂದರೆ, ಆಮೇಲೆ ಡ್ರಿಪ್ಪಿನ ಮಾತೇ ಎತ್ತಲಿಲ್ಲ.

ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವುದನ್ನು ಸರದಿಯ ಮೇಲೆ ಮಾಡಿದೆವು. ಉಸಿರು ಸಿಕ್ಕಿಕೊಂಡಂತಾದಾಗ ತಲೆಯ ಕಡೆ ಎತ್ತರಿಸಿ, ಮುಖಕ್ಕೆ ಫ್ಯಾನಿನ ಗಾಳಿ ಬರುವಂತೆ ಇಟ್ಟೆವು. ಸುಮ್ನೆ ಗಾಳಿ ಅಷ್ಟೇ, ಆದರೂ ಎಷ್ಟೋ ಹಗುರವಾಗುತ್ತಿತ್ತು. ಒಂದು ರಾತ್ರಿ ಅಪ್ಪ ಬಟ್ಟೆ ಕಿತ್ತುಕೊಳ್ಳುತ್ತಾ, ಏನೇನೋ ಹೇಳುತ್ತಾ ಎದ್ದೇಳಲು ನೋಡಿದರು. ಇಂಥ ಗೊಂದಲ ಕೊನೆಯ ದಿನಗಳಲ್ಲಿ ಬರುತ್ತದೆ, ಅದಕ್ಕೂ ಔಷಧಿ ಇದೆ ಎಂದು ಗೊತ್ತಿದ್ದರಿಂದ ತಡಮಾಡದೆ ಫೋನ್ ಮಾಡಿದೆ.

ಆಮೇಲೆ ನಿದ್ದೆಯೇ ಜಾಸ್ತಿ. ನುಂಗಲು ಆಗದಾಗ ನರ್ಸ್ ಬಂದು ಚರ್ಮದ ಕೆಳಗೆ ಚುಚ್ಚುವ ಇಂಜೆಕ್ಷನ್‌ಗೆ ಬದಲಾಯಿಸಿದರು. ಕೈಕಾಲು ತಣ್ಣಗಾದವು, ಮೂತ್ರ ಕಡಿಮೆಯಾಯಿತು. ಉಸಿರು ನಿಂತು ನಿಂತು ಬರತೊಡಗಿತು. ಗಂಟಲಲ್ಲಿ ಗೊರಗೊರ ಸದ್ದು. ಕೇಳುವವರಿಗೆ ಅದು ಭಯಂಕರ. ಆದರೆ ಉಗುಳನ್ನು ನುಂಗುವ ಶಕ್ತಿ ಹೋಗಿ ಆಗುವ ಸದ್ದು ಅದು, ಆ ಹೊತ್ತಿಗೆ ರೋಗಿಗೆ ಅದರಿಂದ ಕಷ್ಟವಾಗುವುದಿಲ್ಲ ಎಂದೇ ಡಾಕ್ಟರುಗಳು ಹೇಳುತ್ತಾರೆ. ಅಪ್ಪನನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸಿದೆವು. ಸದ್ದು ತಗ್ಗಿತು.

ಯಾರೂ ಮಾತು ನಿಲ್ಲಿಸಬೇಡಿ ಎಂದು ಎಲ್ಲರಿಗೂ ಹೇಳಿದೆ. ಎಚ್ಚರವಿಲ್ಲದ ಕೆಲವು ರೋಗಿಗಳ ಮಿದುಳು ಕೊನೆಯ ಗಂಟೆಗಳಲ್ಲೂ ಶಬ್ದಕ್ಕೆ ಸ್ಪಂದಿಸುತ್ತದೆ ಎಂದು ಕೆನಡಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದ್ದಾರೆ. ಅಮ್ಮ ಅಪ್ಪನ ಕೈ ಹಿಡಿದು ತಾನು ಚೆನ್ನಾಗಿರುತ್ತೇನೆ, ಯೋಚನೆ ಮಾಡಬೇಡಿ ಎಂದಳು. ತಂಗಿ ಫೋನಿನಲ್ಲೇ ಮಾತಾಡಿದಳು, ಅದನ್ನು ಕಿವಿಯ ಹತ್ತಿರ ಹಿಡಿದೆ. ಬೆಳಗಿನ ಜಾವ ಉಸಿರು ನಿಂತಿತು.

ಡಾಕ್ಟರು ಬಂದು ಸಾವನ್ನು ಖಚಿತಪಡಿಸುವ ತನಕ ನಾವೆಲ್ಲ ಸುತ್ತ ಕೂತಿದ್ದೆವು. ಆತುರಪಡುವ ಅಗತ್ಯವೇ ಇಲ್ಲ ಎಂದೂ ನರ್ಸ್ ಮೊದಲೇ ಹೇಳಿದ್ದರು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಆಮೇಲೆ ಎಣಿಸಿ ಅವರಿಗೇ ವಾಪಸ್ ಕೊಟ್ಟೆ. ಅವು ಮನೆಯಲ್ಲಿ ಮಕ್ಕಳ ಕೈಗೆ ಸಿಗುವಂತೆ ಇರಬಾರದು.