ಕಾಡಿಗೆ ಹೋದರೆ ಸಾಲದು, ಅಲ್ಲಿ ಕೂರುವುದನ್ನು ಕಲಿಯಿರಿ

ಭಾನುವಾರ ಬೆಳಗ್ಗೆ ಬೆಂಗಳೂರಿನ ತುರಹಳ್ಳಿ ಕಾಡಿನ ಬಾಯಲ್ಲಿ ನಿಂತು ನೋಡಿ. ಹತ್ತು ಜನರ ಗುಂಪು ಬರುತ್ತದೆ, ಬಂಡೆ ಹತ್ತುತ್ತದೆ, ಸೆಲ್ಫಿ ತೆಗೆಯುತ್ತದೆ, ಎಷ್ಟು ಹೆಜ್ಜೆ ಆಯ್ತು ಅಂತ ವಾಚ್ ನೋಡಿಕೊಂಡು ಇಡ್ಲಿ-ವಡೆಗೆ ಓಡುತ್ತದೆ. ಸೋಮವಾರ ಆಫೀಸಿನಲ್ಲಿ ಮತ್ತೆ ಅದೇ ತಲೆಬಿಸಿ. ‘ಕಾಡಿಗೆ ಹೋಗಿ ಬಂದ್ವಿ, ಏನೂ ಆಗ್ಲಿಲ್ಲ’ ಅಂತಾರೆ. ಹೇಗಾಗುತ್ತೆ ಹೇಳಿ? ಅವರು ಹೋಗಿದ್ದು ಕಸರತ್ತಿಗೆ.

ಜಪಾನಿನ ಅರಣ್ಯ ಇಲಾಖೆ 1982ರಲ್ಲೇ ಕಾಡಿನಲ್ಲಿ ಸುಮ್ನೆ ಹೊತ್ತು ಕಳೆಯುವುದಕ್ಕೆ ‘ಶಿನ್‌ರಿನ್ ಯೋಕು’ ಅಂತ ಹೆಸರಿಟ್ಟಿತು, ಕಾಡಿನ ಸ್ನಾನ ಅಂತ ಅರ್ಥ. ಆಮೇಲೆ ಅಲ್ಲಿ 24 ಕಾಡುಗಳಲ್ಲಿ ಜನರನ್ನು ಸುಮ್ನೆ ಕೂರಿಸಿ, ನಿಧಾನಕ್ಕೆ ನಡೆಸಿ, ಪೇಟೆಯಲ್ಲೂ ಹಾಗೇ ಮಾಡಿಸಿ ಹೋಲಿಸಿದರು. ಕಾಡಿನಲ್ಲಿದ್ದಾಗ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕಡಿಮೆ ಇತ್ತು. ನಾಡಿ, ಬಿಪಿ ಕೂಡ ಇಳಿದಿತ್ತು.

ಮೊದಲು ಜಾಗ. ದೊಡ್ಡ ಕಾಡೇ ಬೇಕು ಅಂತಿಲ್ಲ, ಲಾಲ್‌ಬಾಗಿನ ಹಳೇ ಮರಗಳ ಕೆಳಗೋ ಮೈಸೂರಿನ ಕುಕ್ಕರಹಳ್ಳಿ ಕೆರೆ ದಂಡೆಯೋ ಆದೀತು. ಮಲೆನಾಡಿನವರಿಗೆ ಮನೆ ಹಿಂದೆಯೇ ಕಾನು ಇರುತ್ತೆ. ಆದರೆ ಡಿಸೆಂಬರ್‌ನಿಂದ ಮೇವರೆಗೆ ಅಲ್ಲಿ ಎಚ್ಚರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಉಣುಗು ಕಚ್ಚಿ ಬರುವಂಥದ್ದು. ಕಾಯಿಲೆ ಇರುವ ಕಡೆ ಒಣ ಎಲೆ ಮೇಲೆ ಕೂರಲೇಬೇಡಿ, ಸತ್ತ ಮಂಗ ಕಂಡರೆ ಹಾಗೇ ವಾಪಸ್ ಬಂದು ಆಸ್ಪತ್ರೆಯವರಿಗೆ ತಿಳಿಸಿ.

ಫೋನು ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿ. ಕೂರಲು ಹಳೇ ಪೇಪರ್ ಸಾಕು, ಎದ್ದಾಗ ಅದನ್ನೂ ತೆಗೆದುಕೊಂಡು ಬನ್ನಿ. ಹತ್ತು ನಿಮಿಷ ನಿಧಾನ ನಡೆಯಿರಿ.

ಈಗ ಕೂರಿ. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಮೊದಲ ಐದು ನಿಮಿಷ ತಲೆ ಇನ್ನೂ ಜಾಸ್ತಿ ಗಿಜಿಗಿಜಿ ಅನ್ನುತ್ತೆ: ಇಎಂಐ, ಬಾಸ್ ಕಳಿಸಿದ ಮೇಲ್, ಗ್ಯಾಸ್ ಆಫ್ ಮಾಡಿದ್ನಾ ಇಲ್ವಾ. ಕಾಲು ತುರಿಸುತ್ತೆ. ‘ನನಗಿದೆಲ್ಲ ಆಗಲ್ಲ’ ಅಂತ ಏಳುವುದು ಆಗಲೇ. ಏಳಬೇಡಿ. ಧ್ಯಾನ ಮಾಡ್ತೀನಿ ಅಂತ ಕಣ್ಣು ಮುಚ್ಚಲೂ ಬೇಡಿ, ಕಣ್ಣು ಮುಚ್ಚಿಕೊಂಡು ಕೂರೋಕೆ ಮನೆಯೇ ಸಾಕಲ್ವಾ? ಅಂಗೈಯಗಲದ ಒಂದೇ ಜಾಗ ಹಿಡಿದು ನೋಡಿ. ನಾನೊಮ್ಮೆ ಕೆಂಜಿಗ ಇರುವೆಗಳ ಗೂಡು ನೋಡುತ್ತಾ ಕೂತಿದ್ದೆ. ಒಂದರ ಸೊಂಟ ಒಂದು ಕಚ್ಚಿಕೊಂಡು ಸರಪಳಿ ಕಟ್ಟಿ ಎರಡು ಎಲೆ ಹತ್ತಿರ ಎಳೆಯುತ್ತಿದ್ದವು, ಇನ್ನೊಂದು ತನ್ನ ಮರಿಹುಳುವನ್ನೇ ಬಾಯಲ್ಲಿ ಹಿಡಿದು ಅದರ ನೂಲಿನಿಂದ ಅಂಚು ಹೊಲಿಯುತ್ತಿತ್ತು. ಆ ಎಲೆ ಕೂಡಿಕೊಳ್ಳುವಷ್ಟರಲ್ಲಿ ಇಎಂಐ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆಫೀಸಿನಲ್ಲಿ ಗಮನವನ್ನು ಕಿವಿ ಹಿಡಿದು ಕೂರಿಸಬೇಕು, ಇಲ್ಲಿ ಅದು ತಾನಾಗಿ ಹೋಗಿ ಕೂರುತ್ತೆ, ಸುಸ್ತು ಇಳಿಯುವುದು ಅದಕ್ಕೇ. ಕಣ್ಣಿಗೆ ಸಾಕಾದರೆ ಕಿವಿಗೆ ಕೆಲಸ ಕೊಡಿ: ಹತ್ತಿರದ ಕುಟ್ರ ಹಕ್ಕಿ ಯಾವುದು, ದೂರದಿಂದ ಅದಕ್ಕೆ ಉತ್ತರ ಕೊಡುವ ಕುಟ್ರ ಯಾವುದು.

20ರಿಂದ 30 ನಿಮಿಷ ಕೂರಿ. ಅಮೆರಿಕದ ಮಿಷಿಗನ್‌ನಲ್ಲಿ 2019ರಲ್ಲಿ ಬಂದ ಅಧ್ಯಯನದಲ್ಲಿ ಕಾರ್ಟಿಸಾಲ್ ಚುರುಕಾಗಿ ಇಳಿದದ್ದು ಅಷ್ಟು ಹೊತ್ತಿನಲ್ಲೇ. ಅದೇ ವರ್ಷ ಇಂಗ್ಲೆಂಡಿನ ಸುಮಾರು 20,000 ಜನರ ಲೆಕ್ಕ ನೋಡಿದಾಗ, ವಾರಕ್ಕೆ 120 ನಿಮಿಷ ಹಸಿರಿನಲ್ಲಿ ಕಳೆದವರು ಆರೋಗ್ಯ ಚೆನ್ನಾಗಿದೆ ಅಂದದ್ದು ಜಾಸ್ತಿ. ಒಂದೇ ಸಲ ಹೋಗಿ, ನಾಲ್ಕು ಸಲ ಹೋಗಿ, ವ್ಯತ್ಯಾಸವಿಲ್ಲ.

ಇಯರ್‌ಫೋನಿನಲ್ಲಿ ಕಾಡಿನ ಸದ್ದು, ‘ಕಾಡಿನ ಪರಿಮಳ’ದ ಎಣ್ಣೆ ಬಾಟಲಿ, ಇವಕ್ಕೆ ದುಡ್ಡು ಹಾಕಬೇಡಿ. ನಾನು ‘ಅರಣ್ಯ ಥೆರಪಿ’ ಅಂತ ಒಂದು ದಿನದ ಪ್ಯಾಕೇಜಿಗೆ ಹೋಗಿದ್ದೆ. ನಾಲ್ಕು ಗಂಟೆ ಮೈಕಿನಲ್ಲಿ ಭಾಷಣ, ಕೊನೆಗೊಂದು ಸರ್ಟಿಫಿಕೇಟು! ಹಕ್ಕಿ ಒಂದೂ ಕಾಣಲಿಲ್ಲ, ಪಾಪ, ಅವೂ ಮೈಕಿಗೆ ಹೆದರಿರಬೇಕು.

ವಾರಗಟ್ಟಲೆ ನಿದ್ದೆ ಇಲ್ಲ, ಏನೂ ಬೇಡ ಅನ್ನಿಸುತ್ತಿದೆ ಅಂದರೆ ಕಾಡನ್ನೇ ನೆಚ್ಚಿಕೊಂಡು ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ.

ಇನ್ನೊಂದು. ಎದ್ದ ತಕ್ಷಣ ಫೋನು ತೆಗೆದರೆ ಕೂತಿದ್ದೆಲ್ಲ ದಂಡ. ಹೊರಗೆ ಬಂದು ಟೀ ಕುಡಿದು, ಲೋಟ ಕೆಳಗಿಟ್ಟ ಮೇಲೆ ಆನ್ ಮಾಡಿ.