ಬೆಲ್ಟ್ ಹೊಸದು, ಸದ್ದು ಮಾತ್ರ ಹಳೆಯದೇ

ನಮ್ಮದು 2009ರ ಡೀಸೆಲ್ ಕಾರು. ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ. ಶಿರಸಿಯ ಮಳೆಗಾಲದಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಕೀಂಯ್ ಅಂತ ಕೂಗು. ಗ್ಯಾರೇಜಿನಲ್ಲಿ ಹೊಸ ಬೆಲ್ಟ್ ಹಾಕಿಸಿದೆ. ಎರಡೇ ತಿಂಗಳು, ಮತ್ತೆ ಅದೇ ಕೂಗು.

ಈ ಸಲ ನಾನೇ ಟಾರ್ಚ್ ಹಿಡಿದು ನಿಂತೆ. ಎಂಜಿನ್ ಸುಮ್ನೆ ಐಡಲ್‌ನಲ್ಲಿದ್ದಾಗಲೂ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್‌ನ ತೋಳು ಬಡಿದುಕೊಳ್ಳುತ್ತಿತ್ತು. ಸ್ವಲ್ಪ ಅಲ್ಲಾಡುವುದು ಸಹಜ. ಡೀಸೆಲ್ ಎಂಜಿನ್ನಿನ ಒಂದೊಂದು ಏಟೂ ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ದಂಡದ ಪುಲ್ಲಿಯಿಂದ ಬೆಲ್ಟಿಗೆ ಬರುತ್ತದೆ. ಅದನ್ನು ನುಂಗಿಕೊಳ್ಳಲು ಟೆನ್ಷನರ್ ಒಳಗೆ ಸ್ಪ್ರಿಂಗ್ ಜೊತೆ ಒಂದು ಬುಶ್ ಇರುತ್ತದೆ. ನಮ್ಮ ಕಾರಿನಲ್ಲಿ ಅದೇ ಸವೆದಿತ್ತು. ತೋಳಿನ ಬುಡದಲ್ಲಿ ತುಕ್ಕಿನ ಕೆಂಪು ಪುಡಿ, ಪುಲ್ಲಿ ಒಂದು ಕಡೆ ವಾಲಿತ್ತು, ಹೊಸ ಬೆಲ್ಟಿನ ಅಂಚು ಆಗಲೇ ಎಳೆ ಬಿಟ್ಟಿತ್ತು.

ನಮ್ಮ ಎಂಜಿನ್ನಿನಲ್ಲಿ ಟೈಮಿಂಗ್‌ಗೆ, ಅಂದರೆ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚಲು, ಚೈನ್ ಇದೆ. ಹೊರಗಿನ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ, ವಾಟರ್ ಪಂಪ್ ತಿರುಗಿಸುತ್ತದೆ. ದೇವಿಮನೆ ಘಟ್ಟದಲ್ಲಿ ಅದು ಕಿತ್ತುಹೋದರೆ ನೀರು ಓಡುವುದು ನಿಂತು ಎಂಜಿನ್ ಕಾದುಬಿಡುತ್ತದೆ. ಅದಕ್ಕೇ ಮುಂದೂಡಲಿಲ್ಲ. ಟೈಮಿಂಗ್ ಬೆಲ್ಟಿನ ಟೆನ್ಷನರ್ ಆಗಿದ್ದರೆ ನಾನು ಮನೆಯಲ್ಲಿ ಕೈ ಹಾಕುತ್ತಿರಲಿಲ್ಲ. ಅಲ್ಲಿ ಲೆಕ್ಕ ತಪ್ಪಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯಬಹುದು.

ಭಾನುವಾರ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಶುರು ಮಾಡಿದೆ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ. ಬಲಗಡೆಯ ಮುಂದಿನ ಚಕ್ರ, ಒಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದೆ. ಬೆಲ್ಟ್ ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹೋಗುತ್ತದೆ ಅಂತ ಮೊದಲೇ ಫೋಟೋ ತೆಗೆದಿಟ್ಟುಕೊಂಡೆ.

ಉದ್ದ ಹಿಡಿಯ ಸ್ಪ್ಯಾನರ್‌ನಿಂದ ತೋಳನ್ನು ತಿರುಗಿಸಿ ಹಿಡಿದರೆ ಬೆಲ್ಟ್ ಸಡಿಲವಾಗುತ್ತದೆ. ಸ್ಪ್ರಿಂಗಿಗೆ ಭಾರಿ ಶಕ್ತಿ, ಸ್ಪ್ಯಾನರ್ ಜಾರಿದರೆ ಬೆರಳು ಜಜ್ಜುತ್ತದೆ. ತೋಳಿನ ತೂತಿಗೆ ಅಲೆನ್ ಕೀ ತೂರಿಸಿ ಲಾಕ್ ಮಾಡಿದೆ. ಆಮೇಲೆ ಬೆಲ್ಟ್ ತೆಗೆದು, ಬೋಲ್ಟ್ ಬಿಚ್ಚಿದೆ. ಹಳೇ ಟೆನ್ಷನರ್ ಕೈಗೆ ಬಂತು. ಅದರ ಪುಲ್ಲಿ ತಿರುಗಿಸಿದರೆ ಬೇರಿಂಗ್ ಮರಳು ಅರೆದಂತೆ ಸದ್ದು.

ಹೊಸದನ್ನು ಕೂರಿಸುವ ಮುಂಚೆ, ಬೆಲ್ಟ್ ಇಲ್ಲದಾಗಲೇ, ಉಳಿದ ಪುಲ್ಲಿಗಳನ್ನೂ ಕೈಯಲ್ಲಿ ತಿರುಗಿಸಿ ನೋಡಿದೆ. ಆಲ್ಟರ್ನೇಟರ್ ಹತ್ತಿರ ಅನುಮಾನ ಬಂತು. ಅದರ ಪುಲ್ಲಿಯೊಳಗೆ ಒಂದು ಪುಟ್ಟ ಕ್ಲಚ್ ಇದೆ. ಒಂದು ಕಡೆ ತಿರುಗಿಸಿದರೆ ಆಲ್ಟರ್ನೇಟರನ್ನೂ ತಿರುಗಿಸಬೇಕು, ಇನ್ನೊಂದು ಕಡೆ ತಾನೊಂದೇ ಸಲೀಸಾಗಿ ತಿರುಗಬೇಕು. ನಮ್ಮದು ಎರಡೂ ಕಡೆ ಗಟ್ಟಿ ಹಿಡಿದಿತ್ತು. ಹೀಗಾದರೆ ಎಂಜಿನ್ನಿನ ಎಳೆತವೆಲ್ಲ ಟೆನ್ಷನರ್ ಮೇಲೆ ಬೀಳುತ್ತದೆ. ಹೊಸದು ಹಾಕಿದ್ದರೂ ಬೇಗ ಸವೆಯುತ್ತಿತ್ತು, ಅಲ್ವಾ? ಈ ಪುಲ್ಲಿ ಬಿಚ್ಚಲು ಬೇರೆಯದೇ ಸಾಕೆಟ್ ಬೇಕು. ಆಲ್ಟರ್ನೇಟರ್ ಇಳಿಸಿ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದು ಬದಲಿಸಿಕೊಂಡು ಬಂದೆ. ಕೆಲಸ ಮರುದಿನಕ್ಕೆ ಹೋಯಿತು.

ಟೆನ್ಷನರ್ ಬೋಲ್ಟನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿದೆ. ಹೊಸ ಬೆಲ್ಟಿನ ಗೀರುಗಳು ಪ್ರತಿ ಪುಲ್ಲಿಯಲ್ಲೂ ಸರಿಯಾಗಿ ಕೂತಿವೆಯಾ ಅಂತ ಬೆರಳಿಂದ ಮುಟ್ಟಿ ನೋಡಿದೆ. ಅಲೆನ್ ಕೀ ಎಳೆದು ತೋಳನ್ನು ನಿಧಾನ ಬಿಟ್ಟು, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ.

ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿದಾಗ ಹೊರಗೆ ಜಡಿಮಳೆ. ತೋಳು ಅಲ್ಲಾಡುವುದು ಕಣ್ಣಿಟ್ಟು ನೋಡಿದರಷ್ಟೇ ಕಾಣುತ್ತಿತ್ತು. ಕೂಗು ಇರಲಿಲ್ಲ.