ಅಮೆರಿಕದ ಅಂತರ್ಯುದ್ಧವನ್ನು ನಾನು ಪಾಠ ಮಾಡುವ ರೀತಿ

ಗದಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಇತಿಹಾಸ ಹೇಳುತ್ತೇನೆ. ಮೊದಲ ಐದಾರು ವರ್ಷ, ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೋಗಿ ಉತ್ತರದೊಂದಿಗೆ ಕಾದಾಡಿದ ಅಮೆರಿಕದ ಅಂತರ್ಯುದ್ಧ ಅಂದರೆ ನೋಟ್ಸ್ ಬರೆಸುವುದಷ್ಟೇ ಆಗಿತ್ತು. ಕಾರಣಗಳು: ರಾಜ್ಯಗಳ ಹಕ್ಕು, ಆಮದು ಸುಂಕದ ತಕರಾರು, ಕೈಗಾರಿಕೆಯ ಉತ್ತರ ಮತ್ತು ಬೇಸಾಯದ ದಕ್ಷಿಣ, ಕೊನೆಗೆ ಗುಲಾಮ ಪದ್ಧತಿ. ಪರಿಣಾಮ: ಒಕ್ಕೂಟ ಉಳಿಯಿತು, ಗುಲಾಮಗಿರಿ ರದ್ದಾಯಿತು. ಹತ್ತು ಅಂಕದ ಪ್ರಶ್ನೆಗೆ ಅಷ್ಟು ಸಾಕಿತ್ತು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು, "ಮೇಡಂ, ಬಿಟ್ಟು ಹೋದ ರಾಜ್ಯದವ್ರು ತಾವ್ ಯಾಕ ಹೊಂಟೀವಿ ಅಂತ ಏನರೆ ಹೇಳ್ಯಾರೇನ್ರಿ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೇಳಿದ್ದಾರೆ, ಬರೆದೂ ಇಟ್ಟಿದ್ದಾರೆ ಎಂಬುದು ಆ ವಾರ ಕೂತು ಓದಿದಾಗಲೇ ತಿಳಿದದ್ದು. ಅಲ್ಲಿಂದ ನನ್ನ ಪಾಠದ ಕ್ರಮವೇ ಬದಲಾಯಿತು.

ಈಗ ಹತ್ತಿಯಿಂದ ಶುರು ಮಾಡುತ್ತೇನೆ. ನಮ್ಮ ಹುಡುಗರ ಹೊಲದ ಬಿಟಿ ಹತ್ತಿ ಅಮೆರಿಕನ್ ಜಾತಿಯದೇ. ಆ ದೇಶದ ದಕ್ಷಿಣದಲ್ಲಿ ಬೆಳೆಯುತ್ತಿದ್ದದ್ದೂ ಅದೇ ಜಾತಿ. ಬಿಡಿಸಿ ತಂದ ಹತ್ತಿಯನ್ನು ಒಬ್ಬೊಬ್ಬರ ಕೈಗೆ ಒಂದೊಂದು ಹಿಡಿ ಕೊಟ್ಟು, ಕಾಳು ಬೇರೆ ಮಾಡಿ ಅನ್ನುತ್ತೇನೆ. ಅರಳೆ ಕಾಳಿಗೆ ಕಚ್ಚಿಕೊಂಡಿರುತ್ತದೆ. ಹತ್ತು ನಿಮಿಷ ಎಳೆದರೂ ಕೈಯಲ್ಲಿ ಏನೂ ಉಳಿಯುವುದಿಲ್ಲ. 1793ರಲ್ಲಿ ಎಲಿ ವಿಟ್ನಿಯ ಜಿನ್, ಅಂದರೆ ಕಾಳು ಬೇರೆ ಮಾಡುವ ಯಂತ್ರ, ಬಂದು ಈ ಕೆಲಸ ಹಗುರವಾಯಿತು. ಹಾಗಾದರೆ ಗುಲಾಮರ ಅಗತ್ಯ ಕಡಿಮೆಯಾಗಿರಬೇಕಲ್ಲ ಅಂತ ಕೇಳಿದರೆ ಅರ್ಧ ತರಗತಿ ಹೌದು ಅನ್ನುತ್ತದೆ. ರೈತರ ಮಕ್ಕಳು ಮಾತ್ರ, "ಇಲ್ರಿ, ಜಿನ್ ಬಂದ್ರ ಮಂದಿ ಇನ್ನೂ ಜಾಸ್ತಿ ಹತ್ತಿ ಹಾಕ್ತಾರ, ಬಿಡ್ಸಾಕ ಆಳು ಬೇಕಲ್ರಿ" ಅನ್ನುತ್ತಾರೆ. ಅದೇ ಸರಿ. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ 39 ಲಕ್ಷ ದಾಟಿದ್ದರು. ದಕ್ಷಿಣ ಕೆರೊಲಿನಾ, ಮಿಸಿಸಿಪ್ಪಿಗಳಲ್ಲಿ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಅವರೇ. ಇಡೀ ದೇಶದ ರಫ್ತಿನ ಅರ್ಧಕ್ಕೂ ಮಿಕ್ಕಿದ ಪಾಲು ಹತ್ತಿಯದು. ಇಷ್ಟು ಬೋರ್ಡಿನ ಮೇಲೆ ಬರೆದ ನಂತರವೇ ಲಿಂಕನ್ ಹೆಸರು ಎತ್ತುತ್ತೇನೆ.

ಮುಂದಿನದು ಬಿಟ್ಟು ಹೋದ ರಾಜ್ಯಗಳ ಘೋಷಣಾಪತ್ರಗಳು. 1860ರ ನವೆಂಬರಿನಲ್ಲಿ ಲಿಂಕನ್ ಗೆದ್ದರು. ಗುಲಾಮಗಿರಿ ಇದ್ದಲ್ಲಿ ಇರಲಿ, ಹೊಸ ಪ್ರದೇಶಗಳಿಗೆ ಹಬ್ಬುವುದು ಬೇಡ ಎಂಬುದು ಅವರ ಪಕ್ಷದ ನಿಲುವು. ಅಷ್ಟಕ್ಕೇ ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟದಿಂದ ಹೊರಬಿತ್ತು, ನಾಲ್ಕೇ ದಿನಕ್ಕೆ ಕಾರಣ ಬರೆದು ಪ್ರಕಟಿಸಿತು. ಅದನ್ನು ನಾನೇ ಕನ್ನಡಕ್ಕೆ ಮಾಡಿಕೊಂಡು ಝೆರಾಕ್ಸ್ ತೆಗೆಸಿ ಹಂಚುತ್ತೇನೆ. ಓಡಿಹೋದ ಗುಲಾಮರನ್ನು ಹಿಡಿದುಕೊಡಬೇಕೆಂಬ ಕೇಂದ್ರದ ಕಾನೂನನ್ನು ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿ ನಿಷ್ಫಲಗೊಳಿಸುತ್ತಿವೆ ಎಂಬುದೇ ಅದರ ಮುಖ್ಯ ದೂರು. ಆ ರಾಜ್ಯಗಳ ಹೆಸರನ್ನು ಒಂದೊಂದಾಗಿ ಪಟ್ಟಿ ಮಾಡಿದೆ. ಅಂದರೆ ಅವರ ಸಿಟ್ಟು, ಬೇರೆ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದರ ಮೇಲೆ! ನಾನು ಇಷ್ಟು ವರ್ಷ ಬರೆಸಿದ್ದ ಮೊದಲ ಕಾರಣ ತರಗತಿಯ ಎದುರೇ ಕುಸಿಯುತ್ತದೆ. ಮಿಸಿಸಿಪ್ಪಿ ಇನ್ನೂ ನೇರ: ನಮ್ಮ ನಿಲುವು ಪೂರ್ತಿಯಾಗಿ ಗುಲಾಮ ಪದ್ಧತಿಯೊಂದಿಗೆ ಬೆಸೆದುಕೊಂಡಿದೆ ಅಂತ ಮೊದಲಲ್ಲೇ ಹೇಳುತ್ತದೆ. ಸುಂಕದ ಮಾತಿಗೆ ಬಂದರೆ, ದೊಡ್ಡ ಏರಿಕೆ ತಂದ ಕಾನೂನು ಆದದ್ದು 1861ರ ಮಾರ್ಚಿನಲ್ಲಿ. ಅಷ್ಟರೊಳಗೆ ಏಳು ರಾಜ್ಯಗಳು ಹೊರಗೆ ಹೋಗಿಯಾಗಿತ್ತು.

ಅನುವಾದದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಪದ. ಆ ಪತ್ರಗಳು ಮನುಷ್ಯರನ್ನು ಮತ್ತೆ ಮತ್ತೆ 'ಆಸ್ತಿ' ಅನ್ನುತ್ತವೆ. ಓದಲು ಹಿತವಾಗಲಿ ಎಂದು ಮೆತ್ತಗಿನ ಮಾತು ಹುಡುಕಿದೆ, ಆಮೇಲೆ ಬಿಟ್ಟೆ. 'ಆಸ್ತಿ' ಅಂತಲೇ ಇಟ್ಟೆ. ನಮ್ಮ ಮಕ್ಕಳು ಇದನ್ನು ಜೀತಕ್ಕೆ ಹೋಲಿಸುತ್ತಾರೆ. ಎರಡರ ಕ್ರೌರ್ಯವನ್ನೂ ಒಪ್ಪುತ್ತೇನೆ, ಆದರೆ ಅಲ್ಲಿ ತಾಯಿ ಗುಲಾಮಳಾದರೆ ಹೊಟ್ಟೆಯಲ್ಲಿರುವ ಕೂಸೂ ಒಡೆಯನ ಆಸ್ತಿ, ಬೆಲೆ ಕಟ್ಟಿ ಮಾರಬಹುದಿತ್ತು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಆ ಮಾತು ಕಣ್ಣಿಗೆ ಕಾಣಲೆಂದು 1860ರ ಜನಗಣತಿಯ ಒಂದು ಹಾಳೆ ತೋರಿಸುತ್ತೇನೆ. ಗುಲಾಮರಿಗೆ ಪ್ರತ್ಯೇಕ ಪಟ್ಟಿ ಇತ್ತು. ಮೊದಲ ಕಾಲಂನಲ್ಲಿ ಒಡೆಯನ ಹೆಸರು. ಆಮೇಲೆ ವಯಸ್ಸು, ಲಿಂಗ, ಬಣ್ಣ, ಓಡಿಹೋಗಿದ್ದರೆ ಅದರ ಗುರುತು. ಮೇಲಿನಿಂದ ಕೆಳಗೆ ಬರೀ ಅಂಕಿ: 35, 28, 9, 4. ಮೊದಲ ಸಲ ತೋರಿಸಿದಾಗ ಒಬ್ಬ ಹುಡುಗ ಹಾಳೆಯನ್ನು ಹಿಂದೆಮುಂದೆ ತಿರುವಿ, "ಇವರ ಹೆಸ್ರು ಯಾವ ಕಡೆ ಅದಾವ್ರಿ?" ಅಂದ. ಎಲ್ಲೂ ಇಲ್ಲಪ್ಪ ಅಂದೆ. ತರಗತಿ ಬಹಳ ಹೊತ್ತು ಸುಮ್ಮನಾಯಿತು.

ಯುದ್ಧದ ನಾಲ್ಕು ವರ್ಷಕ್ಕೆ ನಾನು ಒಂದೇ ಪಿರಿಯಡ್ ಕೊಡುತ್ತೇನೆ. 1861ರ ಏಪ್ರಿಲ್ 12ಕ್ಕೆ ಉತ್ತರದ ಸೇನೆಯಿದ್ದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು, 1865ರ ಏಪ್ರಿಲ್ 9ಕ್ಕೆ ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾಗತಿ, ನಡುವೆ ಆರು ಲಕ್ಷಕ್ಕೂ ಹೆಚ್ಚು ಸಾವು. ಆದರೆ ಒಂದು ಪ್ರಸಂಗ ಮಾತ್ರ ನಿಧಾನವಾಗಿ ಹೇಳುತ್ತೇನೆ. 1861ರ ಮೇ ತಿಂಗಳ ಒಂದು ರಾತ್ರಿ ಫ್ರಾಂಕ್ ಬೇಕರ್, ಜೇಮ್ಸ್ ಟೌನ್‌ಸೆಂಡ್, ಶೆಪರ್ಡ್ ಮಲೋರಿ ಎಂಬ ಮೂವರು ಗುಲಾಮರು ವರ್ಜೀನಿಯಾದಲ್ಲಿ ದೋಣಿ ಹತ್ತಿ ಉತ್ತರದ ಸೇನೆಯಿದ್ದ ಫೋರ್ಟ್ ಮನ್ರೋ ಸೇರಿದರು. ಒಡೆಯನ ಕಡೆಯವನು ಬಂದು, ಓಡಿಹೋದವರ ಕಾನೂನಿನಂತೆ ವಾಪಸು ಕೊಡಿ ಅಂದ. ಅಲ್ಲಿನ ಜನರಲ್ ಬಟ್ಲರ್ ಮೂಲತಃ ವಕೀಲ. ನಿಮ್ಮದು ಬೇರೆ ದೇಶ ಅಂತೀರಿ, ಬೇರೆ ದೇಶಕ್ಕೆ ನಮ್ಮ ಕಾನೂನು ಅನ್ವಯಿಸುವುದಿಲ್ಲ ಅಂತ ಕಳಿಸಿಬಿಟ್ಟ. ಸುದ್ದಿ ಹಬ್ಬಿ ಸಾವಿರಾರು ಜನ ಕೋಟೆಗಳ ಕಡೆ ನಡೆದರು. ಉತ್ತರ ಯುದ್ಧಕ್ಕಿಳಿದದ್ದು ಒಕ್ಕೂಟ ಉಳಿಸಲು. ಅದನ್ನು ಬಿಡುಗಡೆಯ ಯುದ್ಧವಾಗಿ ತಿರುಗಿಸಿದವರಲ್ಲಿ ಹೀಗೆ ನಡೆದು ಬಂದವರು ಮೊದಲಿಗರು ಎಂದು ನಾನು ನಂಬುತ್ತೇನೆ. ಬಂಡೆದ್ದ ರಾಜ್ಯಗಳ ಗುಲಾಮರು ಇನ್ನು ಸ್ವತಂತ್ರರು ಎಂದ ಲಿಂಕನ್ನರ ವಿಮೋಚನಾ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಮುಂದೆ ಸುಮಾರು 1 ಲಕ್ಷ 80 ಸಾವಿರ ಕಪ್ಪು ಜನ ಸೈನ್ಯ ಸೇರಿ ಕಾದಾಡಿದರು.

ಪರಿಣಾಮಗಳಿಗೆ ಎರಡು ದಿನ ಬೇಕು. ಸಂವಿಧಾನದ 13ನೇ ತಿದ್ದುಪಡಿ 1865ರಲ್ಲಿ ಗುಲಾಮಗಿರಿ ತೆಗೆಯಿತು, 14ನೆಯದು ಪೌರತ್ವ ಕೊಟ್ಟಿತು, 15ನೆಯದು 1870ರಲ್ಲಿ ಗಂಡಸರ ಮತಕ್ಕೆ ಬಣ್ಣ ಅಡ್ಡಿಯಾಗಬಾರದು ಅಂದಿತು. ಆದರೆ ಬಿಡುಗಡೆಯಾದವರಿಗೆ ಭೂಮಿ ಸಿಗಲಿಲ್ಲ. ಹಳೆಯ ಒಡೆಯನ ಹೊಲವನ್ನೇ ಪಾಲಿಗೆ ಮಾಡಬೇಕು, ಬೀಜ ಕಾಳು ಅಂಗಡಿಯಿಂದ ಸಾಲ ತರಬೇಕು, ಸುಗ್ಗಿಯಲ್ಲಿ ಲೆಕ್ಕ ಹಾಕಿದರೆ ಸಾಲವೇ ಉಳಿಯಬೇಕು. ಇದನ್ನು ನಾನು ವಿವರಿಸುವ ಮೊದಲೇ ನಮ್ಮ ಮಕ್ಕಳಿಗೆ ತಿಳಿದಿರುತ್ತದೆ. 1877ರಲ್ಲಿ ಉತ್ತರದವರು ದಕ್ಷಿಣದ ಮೇಲಿನ ಹಿಡಿತ ಬಿಟ್ಟ ಮೇಲೆ ಕಪ್ಪು ಜನರ ಮತದಾನವೂ ಕೈತಪ್ಪುತ್ತಾ ಹೋಯಿತು. ಆ ಹಕ್ಕನ್ನು ಕಾಯುವ ಗಟ್ಟಿ ಕಾನೂನು ಬರಲು 1965 ಆಗಬೇಕಾಯಿತು.

ನಮ್ಮ ಊರಿಗೂ ಅದರ ಅಲೆ ಬಡಿದಿತ್ತು. ಅಮೆರಿಕದ ದಕ್ಷಿಣದ ಬಂದರುಗಳು ಮುಚ್ಚಿ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಯ ದರ ಏರಿತು, ಯುದ್ಧ ಮುಗಿಯುತ್ತಲೇ ಬಿತ್ತು. ಅದನ್ನು ಹೇಳುತ್ತೇನೆ, ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ.

ಕೊನೆಯ ದಿನ 1870ರ ಜನಗಣತಿಯ ಹಾಳೆ ತರುತ್ತೇನೆ. ಅದರಲ್ಲಿ ಬಿಡುಗಡೆಯಾದವರಿಗೂ ಹೆಸರಿದೆ, ಅಡ್ಡಹೆಸರಿದೆ, ಗಂಡ ಹೆಂಡತಿ ಮಕ್ಕಳು ಒಂದೇ ಮನೆಯಡಿ ಇದ್ದಾರೆ. ಜೊತೆಗೆ ಆ ಕಾಲದ ಪತ್ರಿಕೆಗಳಲ್ಲಿ ಬರುತ್ತಿದ್ದ ಜಾಹೀರಾತುಗಳ ಬಗ್ಗೆ ಹೇಳುತ್ತೇನೆ: ಮಾರಾಟದಲ್ಲಿ ಅಗಲಿದ ತಾಯಿಯನ್ನು, ತಮ್ಮನನ್ನು ಕಂಡವರಿದ್ದರೆ ತಿಳಿಸಿ ಅಂತ ದಶಕಗಳವರೆಗೆ ಜನ ಹಾಕಿಸುತ್ತಲೇ ಇದ್ದರು. ಸಿಕ್ಕರೇನ್ರಿ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಸಿಕ್ಕವರು ಕಡಿಮೆ.

ನೋಟ್ಸ್ ಬರೆಸುವುದನ್ನು ಬಿಟ್ಟಿದ್ದೇನೆ. ಆಂತರಿಕ ಪರೀಕ್ಷೆಯಲ್ಲಿ ದಕ್ಷಿಣ ಕೆರೊಲಿನಾದ ಪತ್ರದ ಒಂದು ಪ್ಯಾರಾ ಕೊಟ್ಟು, ಹಿಂದಿನ ಬೆಂಚಿನ ಆ ಹುಡುಗಿಯ ಪ್ರಶ್ನೆಯನ್ನೇ ಕೇಳುತ್ತೇನೆ.